ಸರಿ ಯಾವುದು ಅಂತ ಮಕ್ಕಳಿಗೆ ಗೊತ್ತಿದೆ, ಆ ಹೊತ್ತಿನಲ್ಲಿ ಏನು ಮಾಡಬೇಕು ಅನ್ನೋದನ್ನ ಕಲಿಸಿ

ಪ್ರಶ್ನೆ: ನಾನು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಗೆ ಪ್ರತಿ ಶನಿವಾರ ಮೌಲ್ಯ ಶಿಕ್ಷಣದ ಪೀರಿಯಡ್ ನನ್ನದೇ. ಎಸ್‌ಎ-1 (ಅರ್ಧವಾರ್ಷಿಕ) ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳ ವಾಟ್ಸಾಪ್ ಗ್ರೂಪಿಗೆ ಪ್ರಶ್ನೆಪತ್ರಿಕೆಯ ಫೋಟೋ ಬಂತು. ಅದೇ ಪತ್ರಿಕೆ ಬೇರೊಂದು ಶಾಲೆಯಲ್ಲಿ ಮುಂಚೆಯೇ ಆಗಿತ್ತು. ಎಲ್ಲರೂ ನೋಡಿದರು, ಯಾರೂ ಬಾಯಿ ಬಿಡಲಿಲ್ಲ. ಒಬ್ಬ ಹುಡುಗಿ ಮಾತ್ರ ಬೆಳಿಗ್ಗೆ ಬಂದು ಹೇಳಿದಳು. ಈಗ ಅವಳ ಜೊತೆ ತರಗತಿಯಲ್ಲಿ ಯಾರೂ ಮಾತಾಡುತ್ತಿಲ್ಲ. ಮುಖ್ಯ ಶಿಕ್ಷಕರು ‘ಒಳ್ಳೆ ನೀತಿಕಥೆ ಹೇಳಿ ಮೇಡಂ’ ಅನ್ನುತ್ತಾರೆ. ಹೇಳಿದ್ದೇನೆ. ನೀತಿ ಏನು ಅಂತ ಕೇಳಿದರೆ ಮಕ್ಕಳು ಸರಿಯಾಗಿಯೇ ಹೇಳುತ್ತಾರೆ, ಮಾಡುವಾಗ ಮಾತ್ರ ಬೇರೆ. ಸರಿ ತಪ್ಪು ಯೋಚಿಸಿ ನಿರ್ಧಾರ ಮಾಡುವುದನ್ನು ಶಾಲೆಯಲ್ಲಿ ಕಲಿಸಲು ನಿಜವಾಗಿ ಆಗುತ್ತದೆಯೇ?

ಉತ್ತರ: ಆಗುತ್ತದೆ ಮೇಡಂ. ಆದರೆ ಮೊದಲು ಆ ಹುಡುಗಿಯ ವಿಷಯ ಮಾತಾಡೋಣ, ಪಾಠದ ವಿಷಯ ಆಮೇಲೆ. ಯಾಕಂದ್ರೆ ನಿಮ್ಮ ತರಗತಿಯಲ್ಲಿ ಈಗಾಗಲೇ ಒಂದು ಪಾಠ ನಡೀತಾ ಇದೆ. ಸರಿಯಾದದ್ದು ಮಾಡಿದವಳಿಗೆ ಏನಾಯಿತು ಅಂತ ಉಳಿದ ಮಕ್ಕಳೆಲ್ಲ ದಿನಾ ನೋಡುತ್ತಿದ್ದಾರೆ. ಅವಳು ಒಂಟಿಯಾಗಿಯೇ ಉಳಿದರೆ ನೀವು ವರ್ಷವಿಡೀ ಏನು ಹೇಳಿದರೂ ಆ ಪಾಠವೇ ಗೆಲ್ಲುತ್ತದೆ.

ದಯವಿಟ್ಟು ಅವಳನ್ನು ಪ್ರಾರ್ಥನೆ ಸಮಯದಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಹೊಗಳಬೇಡಿ. ಒಳ್ಳೆ ಮನಸ್ಸಿನಿಂದ ಮಾಡಿದರೂ ಅದರಿಂದ ಅವಳು ಇನ್ನಷ್ಟು ದೂರವಾಗುತ್ತಾಳೆ. ಅವಳನ್ನು ಬೇರೆಯಾಗಿ ಕರೆದು, ನೀನು ಮಾಡಿದ್ದು ಸರಿ ಅಂತ ಸ್ಪಷ್ಟವಾಗಿ ಹೇಳಿ. ನಿನಗೆ ನಾನು ಏನು ಮಾಡಿದರೆ ಸಹಾಯ ಆಗುತ್ತೆ ಅಂತ ಅವಳನ್ನೇ ಕೇಳಿ. ಇಡೀ ತರಗತಿಯ ಕೂರುವ ಜಾಗ ಬದಲಿಸಿ. ಅವಳೊಬ್ಬಳದ್ದೇ ಬದಲಿಸಿದರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಸ್ವಲ್ಪ ಮೃದು ಮನಸ್ಸಿನ ಇಬ್ಬರು ಮೂವರು ಮಕ್ಕಳ ಗುಂಪಿಗೆ ಅವಳನ್ನು ಸೇರಿಸಿ ಪ್ರಾಜೆಕ್ಟ್ ಕೊಡಿ. ಬಿಸಿಯೂಟದ ಹೊತ್ತಿನಲ್ಲಿ ಯಾರ ಪಕ್ಕ ಕೂರುತ್ತಾಳೆ ಅಂತ ಗಮನ ಇಡಿ. ಮನೆಯವರಿಗೂ ವಿಷಯ ತಿಳಿಸಿ.

ಆಮೇಲೆ ತರಗತಿಗೆ ಎರಡು ಮಾತು ಹೇಳಿ. ಒಂದು, ಒಂದೇ ಪತ್ರಿಕೆಯನ್ನು ಬೇರೆ ಬೇರೆ ದಿನ ನಡೆಸಿದ್ದು ದೊಡ್ಡವರ ತಪ್ಪು. ಮಕ್ಕಳಿಗೆ ಇದು ಆಗಲೇ ಗೊತ್ತಿದೆ, ನಿಮ್ಮ ಬಾಯಿಂದ ಬಂದರೆ ನಿಮ್ಮ ಮೇಲೆ ನಂಬಿಕೆ ಜಾಸ್ತಿ ಆಗುತ್ತದೆ. ಎರಡು, ಮರುಪರೀಕ್ಷೆ ಮಾಡುವುದಾದರೆ ಅದು ಶಾಲೆಯ ನಿರ್ಧಾರ, ಯಾವ ಮಗುವಿನಿಂದಲೂ ಆದದ್ದಲ್ಲ. ಇಷ್ಟಾದ ಮೇಲೂ ಮಾತು ಬಿಡುವುದು ಮುಂದುವರಿದರೆ ಅದನ್ನು ಮಕ್ಕಳ ಜಗಳ ಅಂತ ಬಿಡಬೇಡಿ. ಗುಂಪು ಸೇರಿ ಒಬ್ಬರನ್ನು ಹಿಂಸಿಸುವುದು ಅದು. ಮುಂದೆ ನಿಂತವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿ, ಗುಂಪಾಗಿ ಕರೆದರೆ ಯಾರೂ ಜಗ್ಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನೀತಿ ಕೇಳಿದರೆ ಸರಿಯಾಗಿ ಹೇಳುತ್ತಾರೆ, ಮಾಡುವಾಗ ಬೇರೆ ಅಂತ ಬರೆದಿದ್ದೀರಿ. ಇದು ನಿಮ್ಮ ಶಾಲೆಯ ಮಕ್ಕಳಿಗಷ್ಟೇ ಬಂದ ಕೇಡಲ್ಲ. 1920ರ ದಶಕದಲ್ಲಿ ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಅನ್ನುವ ಇಬ್ಬರು ಸಂಶೋಧಕರು ಸುಮಾರು 11,000 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದರು. ಉತ್ತರಪತ್ರಿಕೆಯನ್ನು ಮಕ್ಕಳ ಕೈಗೇ ಕೊಟ್ಟು ತಿದ್ದಿಕೊಳ್ಳಲು ಹೇಳುವುದು, ಆಟದಲ್ಲಿ ಮೋಸಕ್ಕೆ ಅವಕಾಶ ಬಿಡುವುದು, ಹೀಗೆಲ್ಲ ಮಾಡಿ ನೋಡಿದರು. ಪ್ರಾಮಾಣಿಕರು ಒಂದು ಕಡೆ, ಮೋಸಗಾರರು ಇನ್ನೊಂದು ಕಡೆ ಅಂತ ಮಕ್ಕಳನ್ನು ಬೇರ್ಪಡಿಸಲು ಆಗಲೇ ಇಲ್ಲ. ಪರೀಕ್ಷೆಯಲ್ಲಿ ನೆಟ್ಟಗಿದ್ದ ಮಗು ಆಟದಲ್ಲಿ ಮೋಸ ಮಾಡುತ್ತಿತ್ತು, ಮನೆಯಲ್ಲಿ ಸುಳ್ಳು ಹೇಳುವ ಮಗು ಪರೀಕ್ಷೆಯಲ್ಲಿ ನೆಟ್ಟಗಿರುತ್ತಿತ್ತು. ನೀತಿಪಾಠ ಕೇಳಿದ್ದಕ್ಕೂ ನಡತೆಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಸಂದರ್ಭ ಹೇಗಿದೆ, ತನ್ನ ಗೆಳೆಯರು ಏನು ಮಾಡುತ್ತಿದ್ದಾರೆ ಅನ್ನುವುದರ ಪ್ರಭಾವ ಮಾತ್ರ ಎದ್ದು ಕಂಡಿತು.

ಗೆಳೆಯರ ವಿಷಯಕ್ಕೆ ಇನ್ನೂ ಒಂದು ಪ್ರಯೋಗ ಇದೆ. 2005ರಲ್ಲಿ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಸಿಗ್ನಲ್ ಹಳದಿ ಆದಾಗ ನಿಲ್ಲಿಸಬೇಕಾ, ನುಗ್ಗಬೇಕಾ ಅನ್ನುವುದು ಆಟ. 13ರಿಂದ 16 ವರ್ಷದವರು ಒಬ್ಬರೇ ಆಡುವಾಗ ಒಂದು ಥರ, ಗೆಳೆಯರು ಪಕ್ಕದಲ್ಲಿ ನಿಂತು ನೋಡುವಾಗ ಇನ್ನೊಂದು ಥರ. ಗೆಳೆಯರಿದ್ದಾಗ ಅಪಾಯಕ್ಕೆ ಕೈ ಹಾಕುವುದು ತುಂಬಾ ಹೆಚ್ಚಿತು. 24 ದಾಟಿದವರಲ್ಲಿ ಆ ವ್ಯತ್ಯಾಸ ಇರಲಿಲ್ಲ ಅನ್ನಬಹುದು. ಈಗ ನಿಮ್ಮ ಮಕ್ಕಳ ಗ್ರೂಪು ನೆನೆಸಿಕೊಳ್ಳಿ. ರಾತ್ರಿ ಹಾಸಿಗೆಯಲ್ಲಿ ಒಬ್ಬಳೇ ಮಲಗಿದ್ದರೂ ಇಡೀ ತರಗತಿ ಅವಳ ಕೈಯಲ್ಲೇ ಇದೆ. ಮೆಸೇಜ್ ನೋಡಿದಳಾ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನಾವು ಆ ವಯಸ್ಸಿನಲ್ಲಿ ಶಾಲೆ ಬಿಟ್ಟ ಮೇಲಾದರೂ ಗೆಳೆಯರ ಕಣ್ಣು ತಪ್ಪಿಸಿಕೊಳ್ಳುತ್ತಿದ್ದೆವು, ಇವರಿಗೆ ಅದೂ ಇಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ಮೌಲ್ಯ ಯಾವುದು ಅಂತ ಹೇಳಿಕೊಡುವುದಕ್ಕೆ ನಿಮ್ಮ ಪೀರಿಯಡ್ ಖರ್ಚು ಮಾಡಬೇಡಿ, ಅದು ಮಕ್ಕಳ ಹತ್ತಿರ ಇದೆ. ಆ ಒಂದು ನಿಮಿಷದಲ್ಲಿ, ಗೆಳೆಯರ ಕಣ್ಣೆದುರು, ಏನು ಹೇಳಬೇಕು ಏನು ಮಾಡಬೇಕು ಅನ್ನುವುದನ್ನು ಅಭ್ಯಾಸ ಮಾಡಿಸಿ. ಮಿನೆಸೋಟಾ ವಿಶ್ವವಿದ್ಯಾಲಯದ ಜೇಮ್ಸ್ ರೆಸ್ಟ್ ಇದನ್ನು ನಾಲ್ಕು ಭಾಗ ಮಾಡಿ ನೋಡಿದ್ದರು. ಇಲ್ಲಿ ಯಾರಿಗೋ ನೋವಾಗುತ್ತಿದೆ ಅಂತ ಕಾಣಿಸಬೇಕು. ಯಾವುದು ಸರಿ ಅಂತ ತೀರ್ಮಾನಿಸಬೇಕು. ಬೇರೆ ಆಸೆಗಳಿಗಿಂತ ಅದು ಮುಖ್ಯ ಅನ್ನಿಸಬೇಕು. ಕೊನೆಗೆ ಅದನ್ನು ಮಾಡುವ ಗಟ್ಟಿತನ ಮತ್ತು ಉಪಾಯ ಎರಡೂ ಇರಬೇಕು. ನೀತಿಕಥೆ ಹೆಚ್ಚೆಂದರೆ ಎರಡನೆಯದನ್ನು ಮುಟ್ಟುತ್ತದೆ. ನಿಮ್ಮ ಮಕ್ಕಳು ಬಿದ್ದದ್ದು ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ.

ಮಕ್ಕಳ ನೈತಿಕ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್ ಅವರನ್ನು ಬಿ.ಎಡ್‌ನಲ್ಲಿ ಓದಿರುತ್ತೀರಿ. ಹೆಂಡತಿ ಸಾಯುತ್ತಿದ್ದಾಳೆ, ಔಷಧ ಕೊಳ್ಳಲು ಹಣ ಇಲ್ಲ, ಗಂಡ ಹೈಂಜ್ ಅದನ್ನು ಕದಿಯಬೇಕಾ ಬೇಡವಾ ಅನ್ನುವ ಪ್ರಶ್ನೆ. ಅಂಥ ಪ್ರಶ್ನೆಗಳನ್ನು ತರಗತಿಯಲ್ಲಿ ಚರ್ಚಿಸಿದರೆ ಮಕ್ಕಳ ಯೋಚನೆ ಬೆಳೆಯುತ್ತದೆ ಅಂತ ಕೋಲ್‌ಬರ್ಗ್ ಮತ್ತು ಅವರ ವಿದ್ಯಾರ್ಥಿ ಮೋಶೆ ಬ್ಲಾಟ್ ತೋರಿಸಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ತರಗತಿಯ ಯಾವ ಮಗುವೂ ನಾಳೆ ಬೆಳಿಗ್ಗೆ ಔಷಧ ಅಂಗಡಿ ಮುಂದೆ ಹಾಗೆ ನಿಲ್ಲುವುದಿಲ್ಲ, ಅಲ್ವಾ? ಅವರ ಕಷ್ಟ ‘ಅವಳು ನನ್ನ ಫ್ರೆಂಡು, ಅವಳ ಹೆಸರು ಹೇಗೆ ಹೇಳಲಿ’ ಅನ್ನುವಂಥದ್ದು. ಸಂಬಂಧ ಉಳಿಸಿಕೊಳ್ಳುವ ಈ ಚಿಂತೆಯೂ ನೈತಿಕ ಯೋಚನೆಯೇ, ಕೆಳಮಟ್ಟದ್ದಲ್ಲ ಅಂತ 1982ರಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ ವಾದಿಸಿದ್ದು ಹೈಸ್ಕೂಲ್ ಮೇಷ್ಟ್ರುಗಳು ಮರೆಯಬಾರದ ಮಾತು.

ಪ್ರಸಂಗಗಳನ್ನು ನೀವೇ ಬರೆಯಿರಿ. ನಾಲ್ಕೈದು ಸಾಲು ಸಾಕು. ಊರು, ಹೊತ್ತು, ಗೆಳೆತನ ಎಲ್ಲ ಮಕ್ಕಳಿಗೆ ಗೊತ್ತಿರುವಂಥದ್ದಾಗಿರಲಿ, ಆದರೆ ನಿಮ್ಮ ಶಾಲೆಯ ನಿಜವಾದ ಘಟನೆ ಬೇಡ. ಉದಾಹರಣೆಗೆ ಇದು: ರಾತ್ರಿ ಒಂಬತ್ತು ಗಂಟೆ. ಗ್ರೂಪಿನಲ್ಲಿ ಒಂದು ಫೋಟೋ ಬಂದಿದೆ. ನಿಮ್ಮ ಕ್ಲಾಸಿನ ಒಬ್ಬಳ ಮುಖವನ್ನು ಯಾವುದೋ ಪ್ರಾಣಿಯ ಚಿತ್ರಕ್ಕೆ ಅಂಟಿಸಿದ್ದಾರೆ. ತುಂಬಾ ಜನ ನಗುವ ಎಮೋಜಿ ಹಾಕಿದ್ದಾರೆ. ಹಾಕಿದವನು ನಿಮ್ಮ ಪಕ್ಕದಲ್ಲೇ ಕೂರುವವನು. ಆ ಹುಡುಗಿ ಗ್ರೂಪಿನಲ್ಲಿಲ್ಲ. ಇನ್ನು ಐದು ನಿಮಿಷದಲ್ಲಿ ನೀವು ಏನು ಮಾಡುತ್ತೀರಿ?

ಇನ್ನೊಂದು: ತಾಲೂಕು ಮಟ್ಟದ ಕಬಡ್ಡಿ. ನಿಮ್ಮ ತಂಡದ ಒಳ್ಳೆ ರೈಡರ್‌ನ ವಯಸ್ಸು ಮಿತಿ ದಾಟಿದೆ, ದಾಖಲೆಯಲ್ಲಿ ಕಮ್ಮಿ ಮಾಡಿದ್ದಾರೆ. ಪಿಟಿ ಸರ್‌ಗೂ ಗೊತ್ತು. ಅವನಿಲ್ಲದಿದ್ದರೆ ಸೋಲುವುದು ಖಂಡಿತ. ನೀನು ಕ್ಯಾಪ್ಟನ್. ಈ ಪ್ರಸಂಗ ನನಗೆ ತುಂಬಾ ಇಷ್ಟ, ಯಾಕಂದ್ರೆ ಇದರಲ್ಲಿ ದೊಡ್ಡವರೂ ಸೇರಿಕೊಂಡಿದ್ದಾರೆ. ‘ಸರ್ ಹೇಳಿದಾರೆ’ ಅನ್ನುವುದು ಎಲ್ಲಿಗೆ ಮುಗಿಯಬೇಕು ಅನ್ನುವ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಅಂಗಡಿಯವರು ಚಿಲ್ಲರೆ ಜಾಸ್ತಿ ಕೊಟ್ಟದ್ದು, ಪ್ರಾಜೆಕ್ಟ್ ಪೂರ್ತಿ ಎಐ ಕೈಲಿ ಬರೆಸಿ ತಂದ ಗೆಳತಿ, ಇಂಥವೂ ಆಗುತ್ತವೆ. ಆದರೆ ಮೊದಲೆರಡರಷ್ಟು ಬಿಸಿ ಇವುಗಳಲ್ಲಿಲ್ಲ.

ಈಗ ಪೀರಿಯಡ್ ನಡೆಸುವ ಬಗೆ. ಪ್ರಸಂಗ ಓದಿದ ಕೂಡಲೇ ‘ಯಾರು ಹೇಳ್ತೀರಿ?’ ಅಂತ ಕೇಳಬೇಡಿ. ಮೊದಲು ಕೈ ಎತ್ತುವವನು ಯಾವಾಗಲೂ ಕೈ ಎತ್ತುವವನೇ, ಅವನು ಹೇಳಿದ ಮೇಲೆ ಉಳಿದವರು ಅದಕ್ಕೇ ಜೋತು ಬೀಳುತ್ತಾರೆ. ಒಂದೊಂದು ಚೀಟಿ ಕೊಡಿ. ಹೆಸರಿಲ್ಲದೆ ಎರಡು ಸಾಲು ಬರೆಯಲಿ: ನಾನಾದರೆ ನಿಜವಾಗಿ ಏನು ಮಾಡುತ್ತೇನೆ, ನನ್ನ ಮನಸ್ಸಿಗೆ ಏನನ್ನಿಸುತ್ತದೆ. ಚೀಟಿಗಳನ್ನು ಕಲಸಿ ನೀವೇ ಗಟ್ಟಿಯಾಗಿ ಓದಿ, ಯಾವ ಟೀಕೆಯೂ ಬೇಡ. ಇಲ್ಲಿ ಒಂದು ಸಂಗತಿ ನಡೆಯುತ್ತದೆ, ಇಡೀ ಪೀರಿಯಡ್‌ನಲ್ಲಿ ಇದಕ್ಕಿಂತ ಬೆಲೆಯದ್ದು ಇನ್ನೊಂದಿಲ್ಲ. ‘ನನಗೆ ಹಿಡಿಸಲಿಲ್ಲ, ಆದರೂ ಸುಮ್ನೆ ಇರ್ತೀನಿ’ ಅನ್ನುವ ಚೀಟಿ ಒಂದಾದ ಮೇಲೆ ಒಂದು ಬರುತ್ತದೆ. ಮಕ್ಕಳು ತಲೆ ಎತ್ತಿ ಅತ್ತಿತ್ತ ನೋಡುತ್ತಾರೆ. ನನಗೊಬ್ಬಳಿಗೇ ಹೀಗನ್ನಿಸುತ್ತಿದೆ ಅಂದುಕೊಂಡು ಸುಮ್ಮನಿದ್ದವರೆಲ್ಲ, ಪಕ್ಕದವಳೂ ಅದೇ ಕಾರಣಕ್ಕೆ ಸುಮ್ಮನಿದ್ದಳು ಅಂತ ತಿಳಿದುಕೊಳ್ಳುವುದು ಆಗ. ಆ ಗಣಿತ ಪತ್ರಿಕೆ ಬಂದ ರಾತ್ರಿಯೂ ಹೀಗೇ ಆಗಿರುತ್ತದೆ ಅಂತ ನನಗನ್ನಿಸುತ್ತದೆ. ಮನಸ್ಸಿಗೆ ಕಸಿವಿಸಿ ಆದವರು ಎಷ್ಟೋ ಜನ ಇದ್ದಿರಬೇಕು, ಆದರೆ ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗಲಿಲ್ಲ.

ಆಮೇಲೆ ಇಬ್ಬಿಬ್ಬರಾಗಿ ಮಾತಾಡಲಿ, ಆಮೇಲೆ ಎಲ್ಲರೂ. ನೀವು ಪ್ರಶ್ನೆ ಕೇಳುತ್ತಾ ಹೋಗಿ. ಇದರಿಂದ ಯಾರಿಗೆ ಏನಾಗುತ್ತದೆ? ಈ ಮಾತು ನಡೆಯುವಾಗ ಇಲ್ಲಿ ಇಲ್ಲದವರು ಯಾರು? ನಿನ್ನ ತಂಗಿಯ ಫೋಟೋ ಆಗಿದ್ದರೆ? ನಾಳೆ ನಿನ್ನ ಅಮ್ಮನಿಗೆ ಇದನ್ನು ಹೇಳಬೇಕಾಗಿ ಬಂದರೆ ಯಾವ ಭಾಗ ಬಿಟ್ಟು ಹೇಳುತ್ತೀಯ? ಈ ಕೊನೆಯ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಬ್ಬ ಎದ್ದು ‘ನಾನಂತೂ ನಗ್ತೀನಿ ಮೇಡಂ, ತಮಾಷೆ ಅಲ್ವಾ’ ಅಂದರೆ ಗದರಬೇಡಿ. ಅವನು ನಿಜ ಹೇಳಿದ್ದಾನೆ. ಅವನನ್ನು ಗದರಿದರೆ ಮುಂದಿನ ಶನಿವಾರದಿಂದ ನಿಮಗೆ ಬರೀ ಸಿಹಿ ಮಾತುಗಳೇ ಸಿಗುತ್ತವೆ. ‘ಸರಿ, ಅವಳಿಗೂ ತಮಾಷೆ ಅನ್ನಿಸಿರುತ್ತಾ? ಹೇಗೆ ಗೊತ್ತಾಯ್ತು?’ ಅಂತ ಕೇಳಿ ಸುಮ್ಮನಿರಿ. ಉತ್ತರ ಅವನೇ ಹುಡುಕಲಿ.

ಮಕ್ಕಳು ಕೊಡುವ ನೆಪಗಳನ್ನು ಬೋರ್ಡಿನ ಒಂದು ಮೂಲೆಯಲ್ಲಿ ಅವರದೇ ಮಾತಿನಲ್ಲಿ ಬರೆಯುತ್ತಾ ಹೋಗಿ. ‘ಎಲ್ಲರೂ ನೋಡಿದ್ರು.’ ‘ನಾನು ಫಾರ್ವರ್ಡ್ ಮಾಡಿದ್ದು ಅಷ್ಟೇ.’ ‘ಅವಳೇನು ಕಮ್ಮಿನಾ?’ ‘ಪಕ್ಕದ ಸ್ಕೂಲಿನವರು ಇನ್ನೂ ಜಾಸ್ತಿ ಮಾಡ್ತಾರೆ.’ ಒಳ್ಳೆಯವರೇ ಆದ ಜನ ಮನಸ್ಸಿಗೆ ಚುಚ್ಚದ ಹಾಗೆ ತಪ್ಪು ಮಾಡುವುದು ಹೇಗೆ ಅಂತ ಆಲ್ಬರ್ಟ್ ಬಂಡೂರಾ ಅನ್ನುವ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಅಧ್ಯಯನ ಮಾಡಿದರು. ಹೊಣೆಯನ್ನು ಗುಂಪಿಗೆ ಹಂಚಿಬಿಡುವುದು, ಬೇರೆಯವರ ದೊಡ್ಡ ತಪ್ಪಿನ ಪಕ್ಕ ನಮ್ಮದನ್ನು ಇಟ್ಟು ಚಿಕ್ಕದು ಮಾಡುವುದು, ನೋವುಂಡವರನ್ನೇ ದೂರುವುದು ಅಂತ ಅವರು ಹೆಸರಿಸಿದ ದಾರಿಗಳೆಲ್ಲ ನಿಮ್ಮ ಬೋರ್ಡಿನ ಮೇಲೆ ಬಂದಿರುತ್ತವೆ. ಕೆಲವು ವಾರ ಆದ ಮೇಲೆ ಮಕ್ಕಳೇ ಒಬ್ಬರ ನೆಪ ಒಬ್ಬರು ಹಿಡಿಯುತ್ತಾರೆ.

ಕೊನೆಯ ಹತ್ತು ನಿಮಿಷ ಅಭ್ಯಾಸಕ್ಕೆ ಇಡಿ. ಏನೇ ಆದರೂ ಇದನ್ನು ಬಿಡಬೇಡಿ. ಮಕ್ಕಳಿಗೆ ಸಾಮಾನ್ಯವಾಗಿ ಎರಡೇ ದಾರಿ ಕಾಣುವುದು, ಮೇಡಂಗೆ ಹೇಳುವುದು ಅಥವಾ ಬಾಯಿ ಮುಚ್ಚಿಕೊಂಡಿರುವುದು. ನಡುವೆ ಎಷ್ಟೋ ದಾರಿಗಳಿವೆ. ಹಾಕಿದವನಿಗೆ ಗ್ರೂಪಿನ ಹೊರಗೆ ಫೋನ್ ಮಾಡಿ ತೆಗೆಯಲು ಹೇಳಬಹುದು. ಇನ್ನೊಬ್ಬರನ್ನು ಜೊತೆ ಮಾಡಿಕೊಂಡು ಇಬ್ಬರೂ ಒಟ್ಟಿಗೆ ಹೇಳಬಹುದು. ನೋವಾದವಳ ಪಕ್ಕ ಮರುದಿನ ಹೋಗಿ ಕೂರಬಹುದು. ಮನೆಯಲ್ಲಿ ಅಕ್ಕನಿಗೆ ಹೇಳಬಹುದು. ಇವನ್ನೆಲ್ಲ ಪಟ್ಟಿ ಮಾಡಿದ ಮೇಲೆ ಬಾಯಿಬಿಟ್ಟು ಹೇಳಿಸಿ. ‘ಲೋ, ಇದು ಚೆನ್ನಾಗಿಲ್ಲ, ಡಿಲೀಟ್ ಮಾಡೋ.’ ‘ನಂಗೆ ಕಳಿಸ್ಬೇಡ್ರೇ, ನಾನು ಓಪನ್ ಮಾಡಲ್ಲ.’ ಪುಸ್ತಕದ ಭಾಷೆ ಬೇಡ, ಅವರು ಗೆಳೆಯರ ಜೊತೆ ಆಡುವ ಮಾತೇ ಇರಲಿ. ಒಬ್ಬ ಹೇಳಲಿ, ಇನ್ನೊಬ್ಬ ರೇಗಿಸಲಿ, ಅವನು ಮತ್ತೆ ಹೇಳಲಿ. ಕಬಡ್ಡಿಯಲ್ಲಿ ಹಿಡಿತವನ್ನು ಬೋರ್ಡಿನ ಮೇಲೆ ಬರೆದು ಕಲಿಸುವುದಿಲ್ಲ, ಅಂಗಳದಲ್ಲಿ ಮತ್ತೆ ಮತ್ತೆ ಮಾಡಿಸುತ್ತೇವೆ. ಇದೂ ಹಾಗೆಯೇ. ‘ಹೀಗಾದರೆ ನಾನು ಹೀಗೆ ಮಾಡುತ್ತೇನೆ’ ಅಂತ ಮೊದಲೇ ಗಟ್ಟಿ ಮಾಡಿಕೊಂಡವರು ಆ ಗಳಿಗೆ ಬಂದಾಗ ಅದನ್ನು ಮಾಡುವ ಸಾಧ್ಯತೆ ಜಾಸ್ತಿ ಅಂತ ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರ ಸಂಶೋಧನೆಗಳು ಹೇಳುತ್ತವೆ. ಪ್ರತಿ ಮಗುವೂ ಅಂಥ ಒಂದು ವಾಕ್ಯ ಬರೆದುಕೊಂಡು ಮನೆಗೆ ಹೋಗಲಿ.

ಎರಡು ಎಚ್ಚರಿಕೆ ಹೇಳಲೇಬೇಕು. ಎಲ್ಲವನ್ನೂ ಚರ್ಚೆಗೆ ಇಡಬೇಡಿ. ಬಿಸಿಯೂಟಕ್ಕೆ ಯಾರ ಪಕ್ಕ ಕೂರಬಹುದು, ಯಾರು ಅಡುಗೆ ಮಾಡಿದರೆ ಉಣ್ಣಬಹುದು ಅನ್ನುವುದನ್ನು ‘ಎರಡೂ ಕಡೆ ವಾದ ಮಾಡಿ’ ಅಂತ ಕೊಟ್ಟರೆ, ಅಲ್ಲೇ ಕೂತಿರುವ ದಲಿತ ಮಗುವಿನ ಮಾನವನ್ನು ಓಟಿಗೆ ಹಾಕಿದ ಹಾಗಾಗುತ್ತದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ಅದು ಮುಗಿದ ತೀರ್ಮಾನ. ಅಲ್ಲಿ ನೀವು ನೇರವಾಗಿ, ಮೊದಲೇ, ನಿಮ್ಮ ಮಾತು ಹೇಳಿ. ‘ಕಣ್ಣೆದುರು ಹಾಗೆ ನಡೆದರೆ ನಾವು ಏನು ಮಾಡಬೇಕು’ ಅನ್ನುವುದು ಮಾತ್ರ ಚರ್ಚೆಯ ವಿಷಯ ಆಗಬಹುದು.

ಇನ್ನೊಂದು, ಚೀಟಿಯಲ್ಲೋ ಪೀರಿಯಡ್ ಮುಗಿದ ಮೇಲೋ ಮಕ್ಕಳು ದೊಡ್ಡ ವಿಷಯ ಹೇಳಬಹುದು. ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದಾರೆ ಅಂತಲೋ, ಯಾರೋ ಮೈ ಮುಟ್ಟಿದರು ಅಂತಲೋ. ಅದು ಚರ್ಚೆಯ ಪ್ರಸಂಗ ಅಲ್ಲ, ಮಗುವನ್ನು ಕಾಪಾಡುವ ಕೆಲಸ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098. ‘ಯಾರಿಗೂ ಹೇಳಲ್ಲ’ ಅಂತ ಮೊದಲೇ ಮಾತು ಕೊಡಬೇಡಿ, ‘ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ’ ಅನ್ನಿ. ಮಕ್ಕಳಿಗೂ ಇದೇ ಗೆರೆ ತೋರಿಸಬಹುದು. ಒಬ್ಬರನ್ನು ಸಿಕ್ಕಿಸಲು ಹೇಳುವುದು ಬೇರೆ, ಒಬ್ಬರನ್ನು ಅಪಾಯದಿಂದ ಬಿಡಿಸಲು ಹೇಳುವುದು ಬೇರೆ.

ಕಥೆ ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಯಾವ ಕಥೆ ಅನ್ನುವುದು ಮುಖ್ಯ. ನಮ್ಮ ಕೆಜಿಎಫ್‌ನಲ್ಲಿ ಬೆಳೆದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ದರು. ಪೆಟ್ರೋಲ್ ಬಂಕಿನ ಕಲಬೆರಕೆ ವಿರುದ್ಧ ನಿಂತದ್ದಕ್ಕೆ 2005ರಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕೊಲೆಯಾದರು. ಈ ಕಥೆ ಮಕ್ಕಳಿಗೆ ಗೊತ್ತಿರಬೇಕು, ಗೌರವದಿಂದ ಹೇಳಬೇಕು. ಆದರೆ ಅಂಥವನ್ನೇ ಹೇಳುತ್ತಾ ಹೋದರೆ ಹದಿನಾಲ್ಕು ವರ್ಷದ ಮಗು ಪ್ರಾಮಾಣಿಕತೆ ಅಂದರೆ ಸಾಯುವುದು ಅಂತ ತಿಳಿಯುತ್ತದೆ. ಹೇಳುವುದಾದರೆ ಮುಂದಿನ ಪ್ರಶ್ನೆಯನ್ನೂ ಕೇಳಿ: ಅವರ ಜೊತೆ ಯಾರು ಯಾರು ನಿಲ್ಲಬಹುದಿತ್ತು? ಒಬ್ಬರೇ ನಿಲ್ಲದ ಹಾಗೆ ಏನು ಮಾಡಬಹುದಿತ್ತು?

ಈಗ ಸ್ವಲ್ಪ ಕಹಿ ಮಾತು. ಶಾಲೆಯ ನಡತೆ ಬೇರೆ, ಪೀರಿಯಡ್‌ನ ಮಾತು ಬೇರೆ ಆದರೆ ನಿಮ್ಮ ಶ್ರಮ ಫಲ ಕೊಡುವುದಿಲ್ಲ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರವಾಗಿ ನಿಗಾ ಇಡುವುದು) ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ. 73.40ಕ್ಕೆ ಬಂತು. ಇಳಿಕೆಯೆಲ್ಲ ಕಾಪಿ ನಿಂತದ್ದರಿಂದಲೇ ಅಂತ ನಾನು ಹೇಳುವುದಿಲ್ಲ, ಬೇರೆ ಕಾರಣಗಳೂ ಇರುತ್ತವೆ. ಆದರೆ ಮಕ್ಕಳು ಇದನ್ನೆಲ್ಲ ನೋಡಿದ್ದಾರೆ, ಮಾತಾಡಿಕೊಂಡಿದ್ದಾರೆ. ಫಲಿತಾಂಶದ ಒತ್ತಡಕ್ಕೆ ದೊಡ್ಡವರೇ ಕಣ್ಣು ಮುಚ್ಚಿದ ಕಡೆ ಮಕ್ಕಳಿಗೆ ಮಾತ್ರ ನೀತಿ ಹೇಳುವುದು ಅನ್ಯಾಯ. ನಿಮ್ಮ ಸಹೋದ್ಯೋಗಿಗಳ ಜೊತೆ ಇದನ್ನು ಒಮ್ಮೆ ಕೂತು ಮಾತಾಡಿ, ಕಷ್ಟವಾದರೂ.

ಮಕ್ಕಳಿಗೆ ನಿಜವಾದ ನಿರ್ಧಾರಗಳನ್ನೂ ಕೊಡಿ. ಕೋಲ್‌ಬರ್ಗ್ ಕೂಡ ಕೊನೆಗೆ ಬಂದು ನಿಂತದ್ದು ಇಲ್ಲಿಗೇ. ಬರೀ ಚರ್ಚೆ ಸಾಲದು ಅಂತ 1974ರಲ್ಲಿ ಅಮೆರಿಕದ ಕೇಂಬ್ರಿಜ್ ಊರಿನಲ್ಲಿ ಕ್ಲಸ್ಟರ್ ಸ್ಕೂಲ್ ಅನ್ನುವ ಪ್ರಯೋಗಕ್ಕೆ ಕೈ ಜೋಡಿಸಿದರು. ಅಲ್ಲಿ ನಿಯಮಗಳನ್ನು ಮಕ್ಕಳೂ ಶಿಕ್ಷಕರೂ ಒಟ್ಟಿಗೆ ಕೂತು, ಒಬ್ಬರಿಗೊಂದು ಓಟಿನಂತೆ ತೀರ್ಮಾನಿಸುತ್ತಿದ್ದರು. ಒಬ್ಬರ ಪರ್ಸಿನಿಂದ ಹಣ ಕಳುವಾದಾಗ, ಇದು ನಮ್ಮೆಲ್ಲರ ಹೊಣೆ, ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ತುಂಬಿಕೊಡಬೇಕು ಅನ್ನುವ ಮಾತು ಮಕ್ಕಳಿಂದಲೇ ಬಂತು. ನಿಮ್ಮ ಶಾಲೆಯಲ್ಲಿ ಅಷ್ಟು ದೊಡ್ಡದು ಬೇಡ. ವಾಟ್ಸಾಪ್ ಗ್ರೂಪಿನ ನಿಯಮ ಅವರೇ ಬರೆಯಲಿ. ಆಟದ ಸಾಮಾನು ಹಂಚುವುದು, ಬಡಿಸುವ ಸರದಿ, ಗ್ರಂಥಾಲಯದ ಪುಸ್ತಕ ಕಳೆದರೆ ಏನು ಮಾಡುವುದು, ಇವು ಅವರ ಕೈಗಿರಲಿ. ತಪ್ಪು ನಿರ್ಧಾರ ಮಾಡಿದರೆ ಒಂದು ತಿಂಗಳು ಅದರಲ್ಲೇ ನಡೆಯಲಿ, ಆಮೇಲೆ ಅವರೇ ಬದಲಿಸಲಿ. ಯಾರಿಗಾದರೂ ಪೆಟ್ಟಾಗುವಂತಿದ್ದರೆ ಮಾತ್ರ ನೀವು ನಡುವೆ ಬನ್ನಿ.

ಅಂಕ ಕೊಡಬೇಡಿ. ಕೊಟ್ಟರೆ ನಿಮಗೆ ಬೇಕಾದದ್ದನ್ನು ಬರೆಯುತ್ತಾರೆ. ಫಲ ಹೇಗೆ ಗೊತ್ತಾಗುತ್ತದೆ ಅಂದರೆ, ತಪ್ಪುಗಳು ಕಮ್ಮಿ ಆದವಾ ಅಂತ ನೋಡಬೇಡಿ. ಆದ ಮೇಲೆ ಬಂದು ಹೇಳುತ್ತಿದ್ದ ಮಕ್ಕಳು ಆಗುವ ಮುಂಚೆಯೇ ಬರುತ್ತಿದ್ದಾರಾ, ಒಬ್ಬರೇ ಬರುತ್ತಿದ್ದವರು ಇಬ್ಬರು ಮೂವರು ಸೇರಿ ಬರುತ್ತಿದ್ದಾರಾ ಅಂತ ನೋಡಿ.

ಈ ಶನಿವಾರ ಪ್ರಶ್ನೆಪತ್ರಿಕೆಯ ವಿಷಯ ಎತ್ತಬೇಡಿ, ಅದಿನ್ನೂ ಹಸಿ ಗಾಯ. ಕಬಡ್ಡಿಯಿಂದ ಶುರು ಮಾಡಿ. ಫೋಟೋ ಪ್ರಸಂಗ ನಾಲ್ಕೈದು ವಾರ ಆದ ಮೇಲೆ ಬರಲಿ, ಅಷ್ಟರಲ್ಲಿ ಚೀಟಿಯಲ್ಲಿ ನಿಜ ಬರೆದರೆ ಏನೂ ಆಗುವುದಿಲ್ಲ ಅನ್ನುವ ಧೈರ್ಯ ಬಂದಿರುತ್ತದೆ. ಮುಖ್ಯ ಶಿಕ್ಷಕರು ಇದೆಲ್ಲ ಸಿಲಬಸ್ಸಿನಲ್ಲಿ ಎಲ್ಲಿದೆ ಅಂತ ಕೇಳಿದರೆ, ರಾಷ್ಟ್ರೀಯ ಶಿಕ್ಷಣ ನೀತಿ 2020ರ 4.28ನೇ ಭಾಗ ತೋರಿಸಿ. ನೈತಿಕ ನಿರ್ಧಾರ ಮಾಡಲು ಮಕ್ಕಳಿಗೆ ತಾರ್ಕಿಕ ಚೌಕಟ್ಟು ಕೊಡಬೇಕು, ದೊಡ್ಡ ತರಗತಿಗಳಲ್ಲಿ ಮೋಸ, ಹಿಂಸೆ, ಕೃತಿಚೌರ್ಯದಂಥ ವಿಷಯಗಳಿಗೆ ಅದನ್ನು ವಿಸ್ತರಿಸಬೇಕು ಅಂತ ಅದರಲ್ಲಿದೆ. ಆ ನೀತಿಯ ಉಳಿದ ಭಾಗಗಳ ಬಗ್ಗೆ ನಮ್ಮ ರಾಜ್ಯದಲ್ಲಿ ತಕರಾರಿದೆ, ಇರಲಿ. ಈ ಒಂದು ಮಾತಿಗೆ ಯಾರ ತಕರಾರೂ ಇರಲಾರದು.